ಮಲೆನಾಡಿನ ಮಳೆಗೆ ಡಿಎಸ್‌ಎಲ್‌ಆರ್ ಆಗುತ್ತದಾ?

ಹೊಸಬರ ಮೊದಲ ಕ್ಯಾಮೆರಾ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಆಗಿರಲಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬಯಲುಸೀಮೆಗೆ ಸರಿ. ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಚೀಲದಿಂದ ತೆಗೆಯುವುದೇ ಕಷ್ಟ. ನನ್ನದು ಒಂದು ಮಳೆಗಾಲ ಪೂರ್ತಿ ಬೀರುವಿನಲ್ಲೇ ಕಳೆಯಿತು, ಲೆನ್ಸ್‌ಗೆ ಬೂಸ್ಟು ಬಂತು. ತಪ್ಪು ನನ್ನದೇ, ಬಿಡಿ.

ಈಗ ನನ್ನ ಬಳಿ ಒಲಿಂಪಸ್ ಟಿಜಿ-6 ಎಂಬ ಚಿಕ್ಕ ಕ್ಯಾಮೆರಾ ಇದೆ. 15 ಮೀಟರ್ ಆಳದ ನೀರಿನಲ್ಲೂ ಕೆಲಸ ಮಾಡುತ್ತದೆ, 1 ಸೆಂಟಿಮೀಟರ್ ಹತ್ತಿರದಿಂದಲೂ ಫೋಕಸ್ ಆಗುತ್ತದೆ. ಕಪ್ಪೆ, ಅಣಬೆ, ಇಂಬಳ ತೆಗೆಯಲು ಇನ್ನೇನು ಬೇಕು ಅಲ್ವಾ? ಆದರೆ ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಭಾಗ, ತೀರಾ ಚಿಕ್ಕದು. ನಿಕಾನ್ ಡಿ3500 ಎಂಬ ಡಿಎಸ್‌ಎಲ್‌ಆರ್‌ನದ್ದು ವಿಸ್ತೀರ್ಣದಲ್ಲಿ ಅದರ ಸುಮಾರು 13 ಪಟ್ಟು. ರಾತ್ರಿ ಬಯಲಾಟದ ಚಿತ್ರ ತೆಗೆದರೆ ಬರೀ ಕಾಳುಕಾಳು. ಜೂಮ್ ಕೂಡ 4 ಪಟ್ಟು ಅಷ್ಟೇ, ದೂರದ ಹಕ್ಕಿ ಸಿಕ್ಕುವುದಿಲ್ಲ. ಹಕ್ಕಿ ಹುಚ್ಚಿದ್ದವರು ಮಾತ್ರ ನಿಮ್ಮ ಮಾತು ಕೇಳಲಿ.