50 ಮೀಟರ್ ಆಳ, ಒಂದು ಚೊಂಬು ನೀರು

ಪೆಟ್ಟಿಗೆಯ ಮೇಲೆ ಒಬ್ಬ ಈಜುಗಾರನಿದ್ದಾನೆ. ನೀಲಿ ನೀರನ್ನು ಸೀಳಿಕೊಂಡು ಬರುತ್ತಿರುವ ಅವನ ಎಡಗೈಯಲ್ಲಿ ಗಡಿಯಾರ ಹೊಳೆಯುತ್ತಿದೆ, ಪಕ್ಕದಲ್ಲಿ 50 ಮೀಟರ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಅದೇ ಪೆಟ್ಟಿಗೆಯ ಒಳಗೆ ಮಡಚಿಟ್ಟ ಕಾಗದದಲ್ಲಿ, ಸಾಸಿವೆ ಕಾಳನ್ನೂ ನಾಚಿಸುವ ಅಕ್ಷರಗಳಲ್ಲಿ, ದ್ರವದಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದಿದೆ. ಕಳೆದ ವಾರ ನನ್ನ ಸ್ಮಾರ್ಟ್‌ವಾಚು ಒಂದು ಚೊಂಬು ಬಿಸಿನೀರಿಗೆ ಕಣ್ಣು ಮುಚ್ಚಿದ ಮೇಲೆ, ಈ ಎರಡು ಬರಹಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವ ಭಾಗ್ಯ ನನ್ನದಾಯಿತು.

ಸರ್ವೀಸ್ ಸೆಂಟರಿನ ಯುವಕ ಅದನ್ನು ಬಿಚ್ಚಿ ನೋಡಿ, ಒಳಗೆ ನೀರು ಹೋಗಿದೆ ಎಂದ. ಅದು ನನಗೂ ಗೊತ್ತಿತ್ತು. ಬಿಸಿನೀರೇ, ಸೋಪು ಹಚ್ಚಿದ್ದಿರೇ, ಸ್ನಾನ ಎಷ್ಟು ಹೊತ್ತು ಮಾಡಿದಿರಿ ಎಂದು ಅವನು ವಿಚಾರಿಸಿದ ಧಾಟಿಯಲ್ಲಿ, ನಾನು ಸ್ನಾನ ಮಾಡುವುದೇ ಒಂದು ಅಪರಾಧವೆಂಬಂತಿತ್ತು.

ಆದರೆ ಕಂಪನಿಯನ್ನು ಸುಳ್ಳುಬುರುಕ ಎನ್ನಲಾಗದು. 50 ಮೀಟರ್ ಎಂದರೆ 50 ಮೀಟರ್ ಆಳಕ್ಕೆ ಇಳಿಯಬಹುದು ಎಂದು ನಾವು ಅರ್ಥ ಮಾಡಿಕೊಂಡರೆ ಅದು ನಮ್ಮ ಹಳ್ಳಿಗಾಡಿನ ಗಣಿತ. ಅದು 5 ಎಟಿಎಂ ಎಂಬ ಒತ್ತಡದ ಅಳತೆ, ಅಂದರೆ ಅಷ್ಟು ಆಳದಲ್ಲಿ ನಿಶ್ಚಲವಾಗಿರುವ ನೀರು ಹಾಕುವ ಒತ್ತಡ ಮಾತ್ರ. ಬಳಕೆಯ ಲೆಕ್ಕಕ್ಕೆ ಬಂದಾಗ 50 ಮೀಟರ್ ಎಂಬುದು ಕೊಳದ ಮೇಲ್ಭಾಗದಲ್ಲಿ ಮೆಲ್ಲಗೆ ಈಜುವುದಕ್ಕೆ ಇಳಿಯುತ್ತದೆ, 30 ಮೀಟರ್ ಎಂಬುದು ಕೈ ತೊಳೆಯುವಾಗ ಸಿಡಿಯುವ ಹನಿಗಳಿಗೆ. ಮೈಸೂರು ಎಂದು ಬೋರ್ಡು ಹಾಕಿಕೊಂಡ ಬಸ್ಸು ಕೆಂಗೇರಿಯಲ್ಲಿ ಎಲ್ಲರನ್ನೂ ಇಳಿಸಿ, ಬೋರ್ಡಿನಲ್ಲಿರುವುದು ಎಂಜಿನ್ನಿನ ಸಾಮರ್ಥ್ಯವೇ ಹೊರತು ಊರಿನ ಹೆಸರಲ್ಲ ಎಂದು ವಿವರಿಸಿದ ಹಾಗೆ.

ದೂಳು, ನೀರುಗಳನ್ನು ಎಷ್ಟು ತಡೆಯುತ್ತದೆಂದು ಹೇಳುವ ಐಪಿ68 ಎಂಬ ಬಿರುದು ಇನ್ನೂ ಸೊಗಸಾದದ್ದು. ಅದರಲ್ಲಿ 6 ಎಂಬುದು ದೂಳಿನ ಅಂಕ, 8 ಎಂಬುದು ನೀರಿನದು. 7ನೆಯ ದರ್ಜೆಯಾದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಎಂದು ನಿಯಮವೇ ಹೇಳಿಬಿಡುತ್ತದೆ. 8ನೆಯದಕ್ಕೆ ಏರಿದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕನೇ ನಿರ್ಧರಿಸುತ್ತಾನೆ. ಪ್ರಶ್ನೆಪತ್ರಿಕೆಯನ್ನು ತಾನೇ ಬರೆದುಕೊಂಡು ತಾನೇ ಉತ್ತರಿಸುವ ಈ ಸೌಲಭ್ಯ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಸಿಗಲಿ. ಇನ್ನೊಂದು ವಿಶೇಷವೆಂದರೆ, ಮುಳುಗುವ ಪರೀಕ್ಷೆಯಲ್ಲಿ ಪಾಸಾದ ವಸ್ತು ರಭಸದ ನೀರಿನ ಪರೀಕ್ಷೆಯನ್ನೂ ಪಾಸು ಮಾಡಿರಬೇಕೆಂಬ ನಿಯಮವಿಲ್ಲ. ಹೀಗಾಗಿ ಬಾವಿಗೆ ಬಿದ್ದು ಬದುಕಿ ಬಂದ ಗಡಿಯಾರ ನಲ್ಲಿಯ ಕೆಳಗೆ ಸಾಯಬಹುದು, ಆಗಲೂ ಬಿರುದಿಗೆ ಚ್ಯುತಿಯಿಲ್ಲ.

ಎಚ್ಚರವುಳ್ಳ ಕಂಪನಿಗಳು ಈಗ ವಾಟರ್‌ಪ್ರೂಫ್ ಎಂಬ ಮಾತನ್ನು ಆಡುವುದಿಲ್ಲ, ವಾಟರ್ ರೆಸಿಸ್ಟೆಂಟ್ ಎನ್ನುತ್ತವೆ. ಅಂದರೆ ಅದು ನೀರನ್ನು ವಿರೋಧಿಸುತ್ತದೆ. ನಮ್ಮ ವಿಧಾನಸಭೆಯಲ್ಲಿ ವಿರೋಧ ಪಕ್ಷ ವಿರೋಧಿಸುವಂತೆಯೇ ಸ್ವಲ್ಪ ಹೊತ್ತು ಗಟ್ಟಿಯಾಗಿ ವಿರೋಧಿಸಿ, ಆಮೇಲೆ ಸಭಾತ್ಯಾಗ ಮಾಡುತ್ತದೆ. ನೀರು ಒಳಗೆ ಬಂದು ಕೂರುತ್ತದೆ.

ಪ್ರಯೋಗಾಲಯದ ನೀರಾದರೋ ಸಾಧು ಸ್ವಭಾವದ್ದು. ಅದು ಸಿಹಿನೀರು, ತಣ್ಣಗಿರುತ್ತದೆ, ಅಲುಗಾಡುವುದಿಲ್ಲ. ಅಂಥ ನೀರನ್ನು ನಾನು ಈ ನಾಡಿನಲ್ಲಿ ಎಲ್ಲಿ ಹುಡುಕಲಿ? ಬೆಂಗಳೂರಿನ ಕೊಳವೆಬಾವಿಯ ನೀರು ಬಕೆಟ್ಟಿನ ಅಂಚಿಗೇ ಬಿಳಿಯ ಸುಣ್ಣ ಬಳಿಯುತ್ತದೆ. ಟ್ಯಾಂಕರಿನ ನೀರಿನ ಕುಲಗೋತ್ರವನ್ನು ಯಾರೂ ಕೇಳುವುದಿಲ್ಲ. ಸೋಲಾರಿನ ನೀರು ಮಧ್ಯಾಹ್ನದ ಹೊತ್ತಿಗೆ ಕೋಳಿ ಪುಕ್ಕ ಕೀಳುವಷ್ಟು ಕಾಯುತ್ತದೆ. ಆ ಬಿಸಿಗೆ ಗಡಿಯಾರದೊಳಗಿನ ಗಾಳಿ ಹಿಗ್ಗುತ್ತದೆ, ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ರಬ್ಬರಿನ ಬಳೆಯ ಸಂದಿನಿಂದ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಸೋಪು ಬೆರೆತರೆ ನೀರಿನ ಮೇಲ್ಮೈ ಬಿಗಿತ ಸಡಿಲಗೊಂಡು, ಬರಿಯ ನೀರು ನುಸುಳಲಾರದ ಸಂದಿನಲ್ಲೂ ಅದು ನುಸುಳುತ್ತದೆ. ಈಜುಕೊಳದಲ್ಲಿ ಕ್ಲೋರಿನ್ ಇದೆ, ಮಲ್ಪೆಯಲ್ಲಿ ಉಪ್ಪಿದೆ, ನಮ್ಮ ಮೈಯಲ್ಲೇ ಬೆವರಿದೆ. ಆದ್ದರಿಂದ ಈ ಗಡಿಯಾರವನ್ನು ಕಟ್ಟಿಕೊಂಡು ಸೋಪಿಲ್ಲದೆ, ಬಿಸಿಯಿಲ್ಲದೆ, ಬೆವರದೆ, ಕೈ ಬೀಸದೆ, ಬಟ್ಟಿ ಇಳಿಸಿದ ನೀರಿನಲ್ಲಿ ಶವಾಸನ ಹಾಕಬಲ್ಲವರು ಮಾತ್ರ ನಿಜವಾದ ಗ್ರಾಹಕರು.

ನಮ್ಮ ಮಲೆನಾಡಿನಲ್ಲಿ ಗೊರಬು ಎಂಬ ಸಾಧನವಿತ್ತು. ಬಿದಿರ ಸೀಳು ಮತ್ತು ಒಣ ಎಲೆಗಳಿಂದ ಹೆಣೆದ ಅದನ್ನು ಬೆನ್ನಿಗೆ ಹೊತ್ತು ಹೆಂಗಸರು ಆಷಾಢದ ಮಳೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುತ್ತಿದ್ದರು. ಅದಕ್ಕೆ ಐಪಿ ಅಂಕವಿರಲಿಲ್ಲ. ಓರೆಯಾಗಿ ಬರುವ ಮಳೆಗೆ ಇದು ಅನ್ವಯಿಸುವುದಿಲ್ಲ ಎಂದು ಹೆಣೆದವನು ಹೇಳಿದ್ದರೆ, ಅದೇ ಗೊರಬಿನಿಂದ ಅವನಿಗೆ ಉತ್ತರ ಸಿಗುತ್ತಿತ್ತು. ಇನ್ನು ನನ್ನ ತಂದೆಯವರ ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಆ ಮನೆತನದ ಗಡಿಯಾರವನ್ನು ಅವರು ಬಚ್ಚಲಿಗೆ ಹೋಗುವ ಮುನ್ನ ಬಿಚ್ಚಿ ಗೋಡೆಯ ಗೂಡಿನಲ್ಲಿಡುತ್ತಿದ್ದರು. ಅದು ಈಜುತ್ತೇನೆಂದು ಎಂದೂ ಜಂಬ ಕೊಚ್ಚಿದ್ದಿಲ್ಲ.

ತಮಾಷೆ ಸಾಕು. ಗಡಿಯಾರ, ಫೋನುಗಳ ಹೊಟ್ಟೆಯೊಳಗೆ ಒಂದು ಪುಟ್ಟ ಬಿಳಿ ಚೀಟಿ ಅಂಟಿಸಿರುತ್ತಾರೆ, ನೀರು ತಗುಲಿದರೆ ಅದು ಕೆಂಪಾಗುತ್ತದೆ. ಆ ಯುವಕ ಚಿಮಟದ ತುದಿಯಿಂದ ಅದನ್ನೇ ನನಗೆ ತೋರಿಸಿದ್ದು. ನೀರು ಒಳಗೆ ಬರುವುದಿಲ್ಲ ಎಂದು ಹೇಳಿ ದುಡ್ಡು ತೆಗೆದುಕೊಂಡವರು ಅವರು. ನೀರು ಒಳಗೆ ಬಂದಿದೆ ಎಂದು ಸಾಕ್ಷಿ ಹೇಳುತ್ತಿರುವುದು ಅವರದೇ ಚೀಟಿ. ಹಾಗಾದರೆ ಸೋತದ್ದು ಅವರ ರಬ್ಬರು, ಅವರ ಅಂಟು. ಆದರೆ ಕೆಂಪು ಚೀಟಿ ಕಂಡ ಕೂಡಲೇ ತಪ್ಪಿತಸ್ಥ ನಾನಾಗುತ್ತೇನೆ. ಕೊಡೆ ಸೋರಿದ್ದಕ್ಕೆ ನೆನೆದವನಿಗೆ ದಂಡ ಹಾಕುವ ಈ ನ್ಯಾಯವನ್ನು ಇಷ್ಟು ವರ್ಷ ನಾವು ತಲೆ ತಗ್ಗಿಸಿ ಒಪ್ಪಿಕೊಂಡು ಬಂದಿದ್ದೇವಲ್ಲ, ಅದಕ್ಕೆ ನನಗೆ ಸಿಟ್ಟು, ಸುಸ್ತು ಎರಡೂ.

ಎಲ್ಲರೂ ಒಪ್ಪಿಕೊಂಡಿಲ್ಲ. ಫೋನುಗಳ ಇಂಥದೇ ಜಾಹೀರಾತಿಗಾಗಿ ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೊ ದಂಡ ಹಾಕಿತು; ನೀರು ತಡೆಯುವ ಶಕ್ತಿಯ ಗುಣಗಾನ ಮಾಡಿ ವಾರಂಟಿಯಲ್ಲಿ ಕೈ ಎತ್ತುವುದೂ ಆ ಪ್ರಕರಣದಲ್ಲಿತ್ತು. ಫೋನನ್ನು ಕೊಳಕ್ಕೂ ಕಡಲಿಗೂ ಇಳಿಸಿ ತೋರಿಸಿದ್ದಕ್ಕಾಗಿ ಸ್ಯಾಮ್ಸಂಗ್ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ಕಟ್ಟಬೇಕೆಂದು 2022ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಆದೇಶಿಸಿತು. ಅದೇ ಜೂನ್‌ನಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ಸುಮ್ಮನೆ ಕೂತಿರಲಿಲ್ಲ. ಜಾಹೀರಾತಿನ ಷರತ್ತುಗಳು ಮೂಲ ಭರವಸೆಗೆ ವಿರುದ್ಧವಾಗಿರಬಾರದು, ಭರವಸೆ ಯಾವ ಭಾಷೆಯಲ್ಲಿ, ಯಾವ ಅಕ್ಷರವಿನ್ಯಾಸದಲ್ಲಿದೆಯೋ ಷರತ್ತೂ ಅದರಲ್ಲೇ ಇರಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ಅದನ್ನು ಓದಿ ನನ್ನ ಎದೆ ತುಂಬಿ ಬಂತು. ಆಮೇಲೆ ಭೂತಗನ್ನಡಿ ತಂದು ನನ್ನ ವಾರಂಟಿ ಕಾರ್ಡನ್ನು ಓದಿದೆ.

ಗಡಿಯಾರವನ್ನು ಅಕ್ಕಿ ಡಬ್ಬದಲ್ಲಿ ಹೂತಿಡಿ ಎಂದವರು ಮೂವರು. ಅಕ್ಕಿ ತೇವ ಹೀರುವುದಕ್ಕಿಂತ ಸ್ಪೀಕರಿನ ರಂಧ್ರಗಳಿಗೆ ಹಿಟ್ಟು ತುಂಬುವುದೇ ಹೆಚ್ಚೆಂದು ತಿಳಿದಿದ್ದರೂ ಎರಡು ದಿನ ಇಟ್ಟೆ. ಆ ಅಕ್ಕಿಯ ಅನ್ನ ಚೆನ್ನಾಗಿಯೇ ಆಯಿತು. ಗಡಿಯಾರದ ಪರದೆ ಮಾತ್ರ ಬೆಳಗಲಿಲ್ಲ. ಈಗ ಅದು ಬಚ್ಚಲಿನ ಪಕ್ಕದ ಗೂಡಿನಲ್ಲಿದೆ. ಒಳಗಿನ ನಡುಗುವ ಮೋಟಾರು ಹೇಗೋ ಬದುಕಿಕೊಂಡಿರುವುದರಿಂದ, ಗಂಟೆಗೊಮ್ಮೆ ಅದು ಗುರ್ರೆಂದು ನಡುಗಿ, ನೀರು ಕುಡಿಯುವ ಹೊತ್ತಾಯಿತೆಂದು ನನಗೆ ನೆನಪಿಸುತ್ತದೆ.