ಸ್ಪಷ್ಟನೆ: ಐದು ಸಾವಿರ ಮಂದಿ ಯೇಸುವಿಗೆ ಪಟ್ಟ ಕಟ್ಟಿದರೆಂಬ ಸಂದೇಶ
ಜನರು ನಂಬಿಕೆಯಿಂದ ಯೇಸುವನ್ನು ಅರಸನನ್ನಾಗಿ ಮಾಡಿದರು, ಆತನೂ ಒಪ್ಪಿದನು, ಆದ್ದರಿಂದ ದೈವಾಂಶವುಳ್ಳ ನಾಯಕನಿಗೇ ಅಧಿಕಾರ ಕೊಡಬೇಕು ಎಂಬ ಸಂದೇಶವೊಂದು ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಬೈಬಲಿನ ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿರುವುದು ಇದಕ್ಕೆ ತದ್ವಿರುದ್ಧ. ಯೇಸು ಅದ್ಭುತವಾಗಿ ಹಂಚಿದ ಜವೆಗೋದಿಯ ಐದು ರೊಟ್ಟಿ, ಎರಡು ಮೀನಿನಿಂದ ಹೊಟ್ಟೆ ತುಂಬಿಸಿಕೊಂಡ ಐದು ಸಾವಿರ ಜನರು ತನ್ನನ್ನು ಬಲವಂತವಾಗಿ ಅರಸನನ್ನಾಗಿಸಲು ಹವಣಿಸುತ್ತಿರುವುದನ್ನು ಅರಿತ ಯೇಸು ಒಬ್ಬನೇ ಬೆಟ್ಟಕ್ಕೆ ಹೊರಟುಹೋದನೆಂದು 15ನೆಯ ವಚನ ತಿಳಿಸುತ್ತದೆ. ಮರುದಿನ ಹುಡುಕಿಕೊಂಡು ಬಂದವರಿಗೆ, ನೀವು ಬಂದದ್ದು ಸೂಚಕಕಾರ್ಯವನ್ನು (ದೇವರ ಗುರುತಾದ ಅದ್ಭುತವನ್ನು) ಕಂಡಲ್ಲ, ರೊಟ್ಟಿ ತಿಂದು ತೃಪ್ತರಾದದ್ದರಿಂದ ಎಂದು ಆತನು ಮುಖಕ್ಕೇ ಹೇಳಿದನು. ಸಂದೇಶ ಬರೆದವರು ಇಷ್ಟನ್ನು ಮಾತ್ರ ಬಿಟ್ಟಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಅದೇ ಅಧ್ಯಾಯದ 66ನೆಯ ವಚನದಂತೆ, ಬೋಧನೆ ಕಠಿಣವೆನಿಸಿದಾಗ ಶಿಷ್ಯರಲ್ಲಿಯೇ ಅನೇಕರು ಆತನನ್ನು ಬಿಟ್ಟುಹೋದರು.