ಸತ್ಯಾಂಶ: ನರ್ಸ್‌ಗಳ ಬಿಳಿ ಸಮವಸ್ತ್ರ ನೈಟಿಂಗೇಲ್ ತಂದದ್ದಾ?

ಬಿಳಿ ಉಡುಪಿನ ನರ್ಸ್ ಇರುವ ಹಳೇ ಫೋಟೋ. ಕೆಳಗೆ, ಈ ಸಮವಸ್ತ್ರವನ್ನೂ ನರ್ಸಿಂಗ್ ತರಬೇತಿಯನ್ನೂ ಮೊದಲು ಶುರು ಮಾಡಿದವರು ಫ್ಲಾರೆನ್ಸ್ ನೈಟಿಂಗೇಲ್ ಎಂಬ ಸಾಲು. ಮೇ 12ರ ನರ್ಸ್‌ಗಳ ದಿನ ಬಂತೆಂದರೆ ಇದು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಕಳಿಸುವವರದು ಗೌರವದ ಮಾತೇ. ಆದರೆ ಎರಡೂ ಸರಿಯಲ್ಲ.

1854ರಲ್ಲಿ, ಕ್ರಿಮಿಯನ್ ಯುದ್ಧದ ವೇಳೆ, ನೈಟಿಂಗೇಲ್ ಜೊತೆ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ನರ್ಸ್‌ಗಳಿಗೆ ಕೊಟ್ಟದ್ದು ಬೂದು ಬಣ್ಣದ ಒರಟು ಉಣ್ಣೆಯ ಉಡುಪು. ಅಳತೆಯೂ ಸರಿಯಿರಲಿಲ್ಲ. ಆ ಕಾಲದಲ್ಲಿ ಬಿಳಿ ಎಂದರೆ ಹೆಚ್ಚಾಗಿ ಏಪ್ರನ್, ಟೋಪಿ ಅಷ್ಟೇ. ಪೂರ್ತಿ ಬಿಳಿ ಉಡುಪು ಜಾಸ್ತಿಯಾದದ್ದು 20ನೇ ಶತಮಾನದಲ್ಲಿ.

ತರಬೇತಿಯ ಕಥೆಯೂ ಹಾಗೇ. ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ 1836ರಲ್ಲೇ ಅದು ಶುರುವಾಗಿತ್ತು. 1851ರಲ್ಲಿ ನೈಟಿಂಗೇಲ್ ಕಲಿತದ್ದೂ ಅಲ್ಲೇ! ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಶಾಲೆ ತೆರೆದದ್ದು 1860ರಲ್ಲಿ. ಧರ್ಮಸಂಘದ ಹಂಗಿಲ್ಲದೆ ಇದನ್ನೊಂದು ಕಸುಬಾಗಿ ಕಲಿಸಿದ್ದು ಅದರ ಹೆಚ್ಚುಗಾರಿಕೆ. ನನಗೆ ಬಿಳಿ ಬಟ್ಟೆಗಿಂತ ಇದೇ ದೊಡ್ಡ ಸಂಗತಿ.

ಪರೀಕ್ಷಿಸುವುದು ಕಷ್ಟವೇನಲ್ಲ. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಮೊದಲು ಎಲ್ಲಿ ಬಂದದ್ದು ನೋಡಿ. ಮ್ಯೂಸಿಯಂಗಳ ವೆಬ್‌ಸೈಟ್‌ನಲ್ಲಿ ಹಳೇ ಉಡುಪುಗಳ ಚಿತ್ರ, ಇಸವಿ ಎರಡೂ ಸಿಗುತ್ತವೆ. ಇನ್ನೊಂದು ಮಾತು: ಕಪ್ಪು-ಬಿಳುಪು ಫೋಟೋದಲ್ಲಿ ತಿಳಿ ನೀಲಿಯೂ ಬಿಳಿಯಾಗಿಯೇ ಕಾಣುತ್ತದೆ, ಅಲ್ವಾ?